ಮನಸ್ಸಿಗೂ ಮದ್ದುಂಟು

ಆಡುವಾಗ ಬಿದ್ದು ಮೊಣಕಾಲು ತರಚಿದರೆ ನಾವು ಏನು ಮಾಡುತ್ತೇವೆ? ಗಾಯವನ್ನು ತೊಳೆದು ಮದ್ದು ಹಚ್ಚುತ್ತೇವೆ. ಜ್ವರ ಬಂದರೆ ಆಸ್ಪತ್ರೆಗೆ ಹೋಗುತ್ತೇವೆ. ನೆರೆಮನೆಯವರು ಬಂದು, "ಈಗ ಹೇಗುಂಟು? ಗಂಜಿ ಕುಡಿದೆಯಾ?" ಎಂದು ವಿಚಾರಿಸುತ್ತಾರೆ.

ಒಬ್ಬರ ಮನಸ್ಸಿಗೆ ಕಾಯಿಲೆ ಬಂದರೆ ಏನಾಗುತ್ತದೆ? ಆ ಗಾಯ ಕಣ್ಣಿಗೆ ಕಾಣುವುದಿಲ್ಲ. ಥರ್ಮಾಮೀಟರ್ ಇಟ್ಟರೆ ತಿಳಿಯುವುದಿಲ್ಲ. ವಿಚಾರಿಸಲು ಬರುವವರೂ ಕಡಿಮೆ. ಕೆಲವರು ನಗುತ್ತಾರೆ, ಕೆಲವರು ಹೆದರಿ ದೂರ ಸರಿಯುತ್ತಾರೆ. ಮನೆಯವರು ನಾಚಿಕೆಯಿಂದ ಬಾಗಿಲು ಹಾಕಿಕೊಳ್ಳುತ್ತಾರೆ.

ಹಾಗೆ ಮುಚ್ಚಿದ ಬಾಗಿಲನ್ನು ಮೆಲ್ಲನೆ ತಟ್ಟುವವರೊಬ್ಬರು ನಮ್ಮ ಊರಲ್ಲೇ ಇದ್ದಾರೆ. ಅವರ ಕೆಲಸ ಏನೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಆಶಾ ಅಕ್ಕ

ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಬೆಳ್ಳೂರು ಮುಂತಾದ ಪಂಚಾಯತುಗಳ ಯಾವ ಊರಿಗೆ ಹೋದರೂ ಆಶಾ ಕಾರ್ಯಕರ್ತೆಯನ್ನು ಕಾಣಬಹುದು. ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ಒಂದು ಕೊಡೆ. ಚೀಲದಲ್ಲಿ ದಪ್ಪ ರಟ್ಟಿನ ಪುಸ್ತಕ, ಪೆನ್ನು, ಕೆಲವು ಮಾತ್ರೆಗಳು. ಮಕ್ಕಳಿಗೆಲ್ಲ ಅವರು 'ಆಶಾ ಅಕ್ಕ'.

'ಆಶಾ' ಎಂಬುದು ಅವರ ಹೆಸರಲ್ಲ, ಅವರ ಹುದ್ದೆಯ ಹೆಸರು. 2005ರಲ್ಲಿ ನಮ್ಮ ದೇಶದಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಯಿತು. ಸುಮಾರು 1000 ಜನರಿಗೆ ಒಬ್ಬರಂತೆ ಅದೇ ಊರಿನ ಮಹಿಳೆಯನ್ನು ಆರಿಸಿ ತರಬೇತಿ ಕೊಡಬೇಕೆಂದು ಆಗ ನಿರ್ಧರಿಸಲಾಯಿತು. ಅವರಿಗೆ ಸಿಗುವುದು ತಿಂಗಳ ಸಂಬಳವಲ್ಲ, ಗೌರವಧನ. ಗರ್ಭಿಣಿಯರನ್ನು ವಿಚಾರಿಸುವುದು, ಮಕ್ಕಳಿಗೆ ಚುಚ್ಚುಮದ್ದಿನ ದಿನವನ್ನು ನೆನಪಿಸುವುದು, ಸೊಳ್ಳೆ ಮೊಟ್ಟೆಯಿಡದಂತೆ ನಿಂತ ನೀರನ್ನು ಚೆಲ್ಲಿಸುವುದು, ಇವೆಲ್ಲ ಅವರ ಕೆಲಸಗಳು. ಭಾರತದ ಆಶಾ ಕಾರ್ಯಕರ್ತೆಯರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಗೌರವ ಪ್ರಶಸ್ತಿಯನ್ನು ನೀಡಿತು.

ಮನಸ್ಸಿನ ಕಾಯಿಲೆ ಇರುವವರನ್ನು ಗುರುತಿಸಿ ಚಿಕಿತ್ಸೆಗೆ ದಾರಿ ತೋರಿಸುವುದೂ ಅವರ ಕೆಲಸದಲ್ಲಿ ಸೇರಿದೆ. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾದದ್ದು ಈ ಕೆಲಸಕ್ಕೇ.

ತೋಟದ ಆಚೆಯ ಮನೆ

ಈ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಡಿಕೆ ತೋಟದ ಆಚೆ ಒಂದು ಹೆಂಚಿನ ಮನೆ. ಅಲ್ಲಿ ತಾಯಿ ಮತ್ತು ಮಗ ಇದ್ದಾರೆ. ಮಗನಿಗೆ ಇಪ್ಪತ್ತೆರಡು ವರ್ಷ. ಆಟೋರಿಕ್ಷಾ ಓಡಿಸುತ್ತಿದ್ದವನು ಈಗ ಎರಡು ತಿಂಗಳಿನಿಂದ ಕೋಣೆಯಿಂದ ಹೊರಗೆ ಬಂದಿಲ್ಲ.

ಆಶಾ ಅಕ್ಕ ಮೊದಲು ಆ ಮನೆಗೆ ಹೋದದ್ದು ಸೊಳ್ಳೆಯ ಕೆಲಸಕ್ಕೆ. ಅಂಗಳದಲ್ಲಿ ಬಿದ್ದಿದ್ದ ತೆಂಗಿನ ಗೆರಟೆಗಳ ನೀರನ್ನು ಚೆಲ್ಲಿ, "ಮಗ ಎಲ್ಲಿದ್ದಾನೆ ಅಮ್ಮಾ?" ಎಂದು ಕೇಳಿದರು.

"ಮಲಗಿದ್ದಾನೆ. ತಲೆನೋವಂತೆ," ಎಂದರು ತಾಯಿ. ಅವರು ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದರು.

ಆಶಾ ಅಕ್ಕ ಮತ್ತೆ ಕೇಳಲಿಲ್ಲ. ಮುಚ್ಚಿದ ಕೋಣೆಯ ಹೊರಗೆ ಊಟದ ತಟ್ಟೆ ಹಾಗೆಯೇ ಇದ್ದುದನ್ನು ಮಾತ್ರ ಗಮನಿಸಿದರು.

ಮೂರು ದಿನಗಳ ನಂತರ ಅವರು ಮತ್ತೆ ಹೋದರು. ಮೋಡ ಕವಿದಿತ್ತು. ಅಂಗಳದ ತುಂಬ ಅಡಿಕೆ ಹರಡಿತ್ತು. ತಾಯಿ ಒಬ್ಬರೇ ಅವಸರದಿಂದ ಅದನ್ನು ಒಟ್ಟುಮಾಡುತ್ತಿದ್ದರು. ಆಶಾ ಅಕ್ಕ ಚೀಲವನ್ನು ಜಗಲಿಯಲ್ಲಿಟ್ಟು ಸೆರಗು ಕಟ್ಟಿ ಬುಟ್ಟಿ ಹಿಡಿದರು. ಮಳೆ ಬೀಳುವಷ್ಟರಲ್ಲಿ ಅಡಿಕೆಯೆಲ್ಲ ಒಳಗೆ ಸೇರಿತು. ಇಬ್ಬರೂ ಜಗಲಿಯಲ್ಲಿ ಕುಳಿತರು. ಆಗ ತಾಯಿಯ ಕಣ್ಣಲ್ಲಿ ನೀರು ಬಂತು.

"ಅವನು ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಾನೆ. ಯಾರೂ ಇಲ್ಲದಾಗ ಯಾರಿಗೋ ಉತ್ತರ ಕೊಡುತ್ತಾನೆ. ಸ್ನಾನ ಬೇಡ, ಊಟ ಬೇಡ. ಹರಕೆ ಹೊತ್ತೆ, ನೂಲು ಕಟ್ಟಿಸಿದೆ. ಇನ್ನು ಎಂತ ಮಾಡುವುದು? ಊರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ."

ಆಶಾ ಅಕ್ಕ ಅವರನ್ನು ಬೈಯಲಿಲ್ಲ, ನಗಲೂ ಇಲ್ಲ. "ಹರಕೆ ನಿಮ್ಮ ನಂಬಿಕೆ ಅಮ್ಮಾ. ಜ್ವರ ಬಂದಾಗ ದೇವರಿಗೂ ಕೈಮುಗಿಯುತ್ತೇವೆ, ಮಾತ್ರೆಯನ್ನೂ ತಿನ್ನುತ್ತೇವೆ ಅಲ್ಲವೇ? ಇದೂ ಒಂದು ಕಾಯಿಲೆ. ಇದಕ್ಕೂ ಮದ್ದುಂಟು. ನೀವು ಹೇಳಿದ್ದನ್ನು ನಾನು ಆರೋಗ್ಯ ಕೇಂದ್ರದ ಸಿಸ್ಟರಿಗೂ ಡಾಕ್ಟರರಿಗೂ ಮಾತ್ರ ಹೇಳುತ್ತೇನೆ. ಬೇರೆ ಯಾರಿಗೂ ಹೇಳುವುದಿಲ್ಲ," ಎಂದರು. ಅದೇ ಸಂಜೆ ಅವರು ಕುಟುಂಬ ಆರೋಗ್ಯ ಕೇಂದ್ರಕ್ಕೆ ವಿಷಯವನ್ನು ತಿಳಿಸಿದರು.

ಕಿಟಕಿಯ ಹೊರಗಿನ ಮಾತು

ಮರುದಿನ ಸಿಸ್ಟರ್ ಮತ್ತು ಆಶಾ ಅಕ್ಕ ಜೊತೆಯಾಗಿ ಬಂದರು. ಮಗ ಬಾಗಿಲು ತೆರೆಯಲಿಲ್ಲ. ಒತ್ತಾಯ ಮಾಡುವುದು ಬೇಡ ಎಂದು ಸಿಸ್ಟರ್ ಹೇಳಿದರು. ಆಶಾ ಅಕ್ಕ ಕಿಟಕಿಯ ಹೊರಗೆ ನಿಂತು, "ನಾನು ನಾಳೆ ಹತ್ತು ಗಂಟೆಗೆ ಬರುತ್ತೇನೆ ತಮ್ಮಾ," ಎಂದರು.

ಅವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮಳೆ, ಬೆಲೆ ಏರಿದ ತರಕಾರಿ, ಹದಗೆಟ್ಟ ರಸ್ತೆ ಎಂದು ಸುಮ್ಮನೆ ಹತ್ತು ನಿಮಿಷ ಮಾತಾಡಿ ಹೋದರು. ಮರುದಿನವೂ ಬಂದರು. ನಾಲ್ಕನೆಯ ದಿನ ಕಿಟಕಿಯ ಒಂದು ಬಾಗಿಲು ತೆರೆಯಿತು.

"ನೀವೂ ನನ್ನನ್ನು ಹುಚ್ಚ ಎಂದುಕೊಂಡಿದ್ದೀರಾ ಅಕ್ಕಾ?"

"ಇಲ್ಲ ತಮ್ಮಾ. ನಿನಗೆ ಸರಿಯಾಗಿ ನಿದ್ದೆ ಬಾರದೆ ಎಷ್ಟು ದಿನವಾಯಿತು?"

ಬಹಳ ದಿನಗಳ ಮೇಲೆ ಅವನು ಕೇಳಿದ ಬೈಗುಳವಿಲ್ಲದ ಪ್ರಶ್ನೆ ಅದು. ಅವನು ಯೋಚಿಸಿ, "ಎಣಿಸಿಲ್ಲ," ಎಂದ.

"ನಿದ್ದೆ ಬರುವಂತೆ ಮಾಡಬಹುದಾ ಎಂದು ಡಾಕ್ಟರರಲ್ಲಿ ಕೇಳೋಣವಾ? ನಾನೂ ಜೊತೆಗೆ ಬರುತ್ತೇನೆ."

ಎರಡು ದಿನಗಳ ನಂತರ ಅವನು ಹೊರಟ.

ಮೂರು ಭಾಷೆಗಳ ನಡುವೆ

ನಮ್ಮ ಕಾಸರಗೋಡು ಜಿಲ್ಲೆ ಹಲವು ಭಾಷೆಗಳ ನಾಡು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಕೈ ಮುರಿದರೆ ಯಾವ ಭಾಷೆಯಲ್ಲಿ ಹೇಳಿದರೂ ನಡೆಯುತ್ತದೆ. ಕೈ ತೋರಿಸಿದರೂ ಸಾಕು. ಮನಸ್ಸಿನ ನೋವನ್ನು ಹಾಗೆ ತೋರಿಸಲು ಬರುವುದಿಲ್ಲ. ಅದನ್ನು ಮಾತಿನಲ್ಲೇ ಹೇಳಬೇಕು. ಅದೂ ಚಿಕ್ಕಂದಿನಿಂದ ಆಡಿದ ಮಾತಿನಲ್ಲೇ ಹೇಳಬೇಕು.

ಕ್ಲಿನಿಕ್ಕಿನ ಡಾಕ್ಟರರು ಮಲಯಾಳ ಮಾತಾಡುವವರು. ಅವರು ಮೊದಲು ಮಗನನ್ನು, "ಈ ಅಕ್ಕ ನಮ್ಮ ಜೊತೆ ಇರಬಹುದೇ?" ಎಂದು ಕೇಳಿದರು. ಅವನು ಆಗಬಹುದು ಎಂದ ಮೇಲೆ ಮಾತು ಮುಂದುವರಿಯಿತು. ಅವನು ತುಳುವಿನಲ್ಲಿ ಹೇಳಿದ್ದನ್ನು ಆಶಾ ಅಕ್ಕ ಮಲಯಾಳದಲ್ಲಿ ಹೇಳಿದರು. ಏನನ್ನೂ ಸೇರಿಸಲಿಲ್ಲ, ಏನನ್ನೂ ಬಿಡಲಿಲ್ಲ. "ತಲೆಯ ಒಳಗೆ ಸಂತೆ ಸೇರಿದ ಹಾಗೆ ಆಗುತ್ತದೆ. ನಾನು ಹೇಳಿದರೂ ಯಾರೂ ಸುಮ್ಮನಾಗುವುದಿಲ್ಲ," ಎಂದ ಮಾತನ್ನು ಡಾಕ್ಟರರು ಹಾಗೆಯೇ ಬರೆದುಕೊಂಡರು. ಕಾಯಿಲೆಯನ್ನು ಗುರುತಿಸಲು ಅವರಿಗೆ ಬೇಕಾದದ್ದು ಇಂತಹ ಮಾತುಗಳೇ.

ಡಾಕ್ಟರರು ಮಾತ್ರೆ ಬರೆದುಕೊಟ್ಟರು. "ಇದು ತಲೆನೋವಿನ ಮಾತ್ರೆಯಂತೆ ಒಂದು ಗಂಟೆಯಲ್ಲಿ ಗುಣ ಕಾಣಿಸುವುದಿಲ್ಲ. ಕೆಲವು ವಾರ ಬೇಕು. ನಮ್ಮನ್ನು ಕೇಳದೆ ನಿಲ್ಲಿಸಬೇಡಿ," ಎಂದರು.

ದಿನದಿನದ ಕೆಲಸ

ಮದ್ದು ಬರೆಯುವುದು ಡಾಕ್ಟರರ ಕೆಲಸ. ಆ ಮದ್ದು ದಿನವೂ ಹೊಟ್ಟೆಗೆ ಸೇರುವಂತೆ ನೋಡುವುದು ಮನೆಯವರ ಮತ್ತು ಆಶಾ ಅಕ್ಕನ ಕೆಲಸ. ಅವರು ಒಂದು ಹಾಳೆಯಲ್ಲಿ ತಿಂಗಳ ದಿನಗಳನ್ನು ಬರೆದು ಗೋಡೆಗೆ ಅಂಟಿಸಿದರು. ಮಾತ್ರೆ ತಿಂದ ದಿನ ಮಗನೇ ಅಲ್ಲಿ ಗುರುತು ಹಾಕುತ್ತಿದ್ದ.

ಒಂದು ವಾರ ಕಳೆದ ಮೇಲೆ ಅವನು, "ಹಗಲಿಡೀ ತೂಕಡಿಕೆ. ಬಾಯಿ ಒಣಗುತ್ತದೆ. ನನಗೆ ಈ ಮಾತ್ರೆ ಬೇಡ," ಎಂದ. ಆಶಾ ಅಕ್ಕ ತಾವಾಗಿ ಮಾತ್ರೆಯನ್ನು ಕಡಿಮೆ ಮಾಡಲಿಲ್ಲ. ಅದು ಅವರು ಮಾಡಬಾರದ ಕೆಲಸ. "ಸುಮ್ಮನೆ ತಿನ್ನು," ಎಂದು ಗದರಿಸಲೂ ಇಲ್ಲ. ಕೂಡಲೇ ಸಿಸ್ಟರಿಗೆ ಫೋನು ಮಾಡಿದರು. ಡಾಕ್ಟರರು ಮಾತ್ರೆಯನ್ನು ರಾತ್ರಿಯ ಹೊತ್ತಿಗೆ ಬದಲಾಯಿಸಿದರು. ತೂಕಡಿಕೆ ಕಡಿಮೆಯಾಯಿತು.

ಚೇತರಿಕೆ ಮೆಟ್ಟಿಲು ಮೆಟ್ಟಿಲಾಗಿ ಬಂತು. ಮೊದಲು ನಿದ್ದೆ. ಅನಂತರ ಸ್ನಾನ. ಒಂದು ದಿನ ಅಮ್ಮನ ಜೊತೆ ಕುಳಿತು ಊಟ. ಇನ್ನೊಂದು ದಿನ ಕೊಟ್ಟಿಗೆಗೆ ಹೋಗಿ ದನಕ್ಕೆ ಹುಲ್ಲು ಹಾಕಿದ. ಇವೆಲ್ಲ ನಮಗೆ ಸಣ್ಣ ಸಂಗತಿಗಳು. ಆಶಾ ಅಕ್ಕ ಒಂದೊಂದನ್ನೂ ತಮ್ಮ ಪುಸ್ತಕದಲ್ಲಿ ಬರೆದರು.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವನು ತಾನೇ ಹಾಲಿನ ಪಾತ್ರೆ ಹಿಡಿದು ಸೊಸೈಟಿಗೆ ಹೊರಟ. ತಾಯಿ ಗೇಟಿನವರೆಗೆ ಬಂದು ನೋಡುತ್ತ ನಿಂತರು. ಬಸ್ ನಿಲ್ದಾಣದಲ್ಲಿ ನಾಲ್ಕೈದು ಮಕ್ಕಳು ಇದ್ದರು. ಅವರಲ್ಲಿ ಒಬ್ಬ, "ಹುಚ್ಚ ಬಂದ, ಹುಚ್ಚ ಬಂದ!" ಎಂದು ಕೂಗಿದ. ಉಳಿದವರು ನಕ್ಕರು.

ಅವನು ಅಲ್ಲಿಂದಲೇ ತಿರುಗಿದ. ಹಾಲು ಸೊಸೈಟಿಗೆ ತಲುಪಲಿಲ್ಲ. ಹತ್ತು ದಿನ ಅವನು ಮತ್ತೆ ಕೋಣೆಯಿಂದ ಹೊರಗೆ ಬರಲಿಲ್ಲ.

ಮಕ್ಕಳು ಎಸೆದದ್ದು ಕಲ್ಲಲ್ಲ, ಒಂದು ಮಾತು. ಆದರೆ ಎರಡು ತಿಂಗಳಿನಲ್ಲಿ ಹತ್ತಿದ ಮೆಟ್ಟಿಲುಗಳಲ್ಲಿ ಎಷ್ಟನ್ನು ಅವನು ಇಳಿಯಬೇಕಾಯಿತು ನೋಡಿರಿ.

ಹನ್ನೊಂದನೆಯ ದಿನ ಆಶಾ ಅಕ್ಕ ಅವನ ಜೊತೆಗೆ ನಡೆದರು. ಮರುದಿನವೂ ನಡೆದರು. ಸೊಸೈಟಿಯಲ್ಲಿ ಹಾಲು ಅಳೆಯುವವರು, "ಬಾ ಮಾರಾಯ, ಬಹಳ ದಿನವಾಯಿತಲ್ಲ," ಎಂದು ಮೊದಲಿನಂತೆಯೇ ಮಾತಾಡಿಸಿದರು. ಮೂರನೆಯ ದಿನ ಅವನು ಒಬ್ಬನೇ ಹೋದ.

ತರಗತಿಯಲ್ಲಿ ಆಶಾ ಅಕ್ಕ

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. 1992ರಿಂದ ಇದನ್ನು ಆಚರಿಸಲಾಗುತ್ತಿದೆ. ಆ ದಿನ ಒಂದು ಶಾಲೆಯ ಐದನೆಯ ತರಗತಿಗೆ ಟೀಚರು ಆಶಾ ಅಕ್ಕನನ್ನು ಕರೆಸಿದ್ದಾರೆ ಎಂದುಕೊಳ್ಳೋಣ. ಮಕ್ಕಳ ಪ್ರಶ್ನೆಗಳು ಹೀಗಿದ್ದವು.

"ಅಕ್ಕಾ, ಇದು ಅಂಟುವ ರೋಗವೇ?"

"ಅಲ್ಲ. ಜೊತೆಗೆ ಕುಳಿತರೆ, ಊಟ ಮಾಡಿದರೆ, ಮುಟ್ಟಿದರೆ ಇದು ಅಂಟುವುದಿಲ್ಲ."

"ಮತ್ತೆ ಯಾಕೆ ಬರುತ್ತದೆ?"

"ಕಾರಣ ಒಂದೇ ಅಲ್ಲ. ಮೆದುಳಿನ ಕೆಲಸದಲ್ಲಿ ವ್ಯತ್ಯಾಸವಾದಾಗ ಬರಬಹುದು. ದೊಡ್ಡ ದುಃಖ, ಭಯ, ಸಾಲ, ಕುಡಿತ ಇವುಗಳಿಂದಲೂ ಹೆಚ್ಚಾಗಬಹುದು. ಹೆರಿಗೆಯಾದ ಕೆಲವು ತಾಯಂದಿರಿಗೆ ಬರುತ್ತದೆ. ಒಂಟಿಯಾಗಿರುವ ಅಜ್ಜ ಅಜ್ಜಿಯರಿಗೂ ಬರುತ್ತದೆ. ಇದು ಶಾಪವಲ್ಲ, ಯಾರ ತಪ್ಪೂ ಅಲ್ಲ."

"ನನಗೂ ಕೆಲವು ಸಲ ಬೇಸರವಾಗುತ್ತದೆ. ಅದೂ ಕಾಯಿಲೆಯೇ?" ಎಂದು ಕೊನೆಯ ಬೆಂಚಿನ ಹುಡುಗನೊಬ್ಬ ಕೇಳಿದ.

"ಆಟದಲ್ಲಿ ಸೋತರೆ ಬೇಸರ, ಗೆಳೆಯ ಮಾತು ಬಿಟ್ಟರೆ ಬೇಸರ. ಅದು ಎಲ್ಲರಿಗೂ ಆಗುತ್ತದೆ, ಒಂದೆರಡು ದಿನಗಳಲ್ಲಿ ಹೋಗುತ್ತದೆ. ಆದರೆ ವಾರಗಟ್ಟಲೆ ಬೇಸರ ಹೋಗದಿದ್ದರೆ, ನಿದ್ದೆ ಊಟ ಬಿಟ್ಟುಹೋದರೆ, ಆಟ ಪಾಠ ಯಾವುದೂ ಬೇಡವೆನಿಸಿದರೆ, ಅದನ್ನು ಮನೆಯ ದೊಡ್ಡವರಿಗೋ ಟೀಚರಿಗೋ ಹೇಳಬೇಕು. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಬೇಕು."

"ನೀವು ಡಾಕ್ಟರರ ಹಾಗೆಯೇ ಅಲ್ಲವೇ?"

"ಅಲ್ಲ. ಕಾಯಿಲೆ ಯಾವುದು ಎಂದು ಹೇಳುವುದು ಡಾಕ್ಟರರು. ನಾನು ನೋಡುತ್ತೇನೆ, ಕೇಳುತ್ತೇನೆ, ಬರೆಯುತ್ತೇನೆ, ತಿಳಿಸುತ್ತೇನೆ. ಡಾಕ್ಟರರು ಅವರನ್ನು ತಿಂಗಳಿಗೊಮ್ಮೆ ನೋಡುತ್ತಾರೆ. ಉಳಿದ ದಿನಗಳಲ್ಲಿ ವಿಚಾರಿಸಲು ಊರಿನಲ್ಲೇ ಒಬ್ಬರು ಬೇಡವೇ?"

"ನಿಮಗೆ ಹೆದರಿಕೆಯಾಗುವುದಿಲ್ಲವೇ?"

"ಕಾಯಿಲೆಯಿರುವವರಲ್ಲಿ ಹೆಚ್ಚಿನವರು ಯಾರಿಗೂ ತೊಂದರೆ ಕೊಡುವವರಲ್ಲ. ಅವರೇ ಹೆದರಿರುತ್ತಾರೆ. ಕೆಲವು ದಿನ ನನಗೆ ಆಯಾಸವಾಗುತ್ತದೆ, ದುಃಖವೂ ಆಗುತ್ತದೆ. ಆಗ ನಾನು ಸಿಸ್ಟರಿನ ಹತ್ತಿರ ಕುಳಿತು ಮಾತಾಡುತ್ತೇನೆ. ಆರೈಕೆ ಮಾಡುವವರಿಗೂ ಕೇಳುವವರೊಬ್ಬರು ಬೇಕು."

ಆಗ ಮುಂದಿನ ಸಾಲಿನ ಹುಡುಗ ಎದ್ದು ನಿಂತು, "ನಮ್ಮ ಊರಿನಲ್ಲಿ ಯಾರಿಗೆಲ್ಲ ಈ ಕಾಯಿಲೆ ಇದೆ ಅಕ್ಕಾ?" ಎಂದ.

ಆಶಾ ಅಕ್ಕ ಚೀಲದಿಂದ ತಮ್ಮ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟರು, ತೆರೆಯಲಿಲ್ಲ. "ನೀನು ನಿನ್ನ ಗುಟ್ಟನ್ನು ನನಗೆ ಹೇಳಿದರೆ ನಾನು ಅದನ್ನು ತರಗತಿಯಲ್ಲಿ ಓದಬಹುದೇ?" ಎಂದು ಕೇಳಿದರು. ಹುಡುಗ ತಲೆಯಾಡಿಸಿ ಕುಳಿತ. "ಈ ಪುಸ್ತಕವೂ ಹಾಗೆಯೇ. ಇದರಲ್ಲಿರುವುದು ನನ್ನ ಮಾತಲ್ಲ. ನನ್ನನ್ನು ನಂಬಿ ಹೇಳಿದವರ ಮಾತು."

ಗಂಟೆ ಬಾರಿಸುವ ಹೊತ್ತಾಯಿತು. ಅಷ್ಟರವರೆಗೆ ಒಂದು ಮಾತೂ ಆಡದೆ ಕುಳಿತಿದ್ದ ಹುಡುಗಿಯೊಬ್ಬಳು ಮೆಲ್ಲನೆ ಕೈ ಎತ್ತಿದಳು.

"ಮಾತ್ರೆ ತಿಂದು ತುಂಬ ಸಮಯವಾಗಿ ಚೆನ್ನಾಗಿ ಆದ ಮೇಲೆ... ಮಾತ್ರೆ ಬಿಡಬಹುದಾ ಅಕ್ಕಾ?"

ಯಾರ ಮಾತ್ರೆ ಎಂದು ಆಶಾ ಅಕ್ಕ ಕೇಳಲಿಲ್ಲ. "ಒಳ್ಳೆಯ ಪ್ರಶ್ನೆ. ಚೆನ್ನಾಗಿರುವುದು ಮಾತ್ರೆಯ ಸಹಾಯದಿಂದಲೂ ಆಗಿರಬಹುದು. ತಾವೇ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಯಾವಾಗ ಕಡಿಮೆ ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಡಾಕ್ಟರರೇ ಹೇಳಬೇಕು. ಯಾರಿಗೆ ಸಂಶಯವಿದ್ದರೂ ನನ್ನ ಬಳಿಗೆ ಬರಬಹುದು. ಬುಧವಾರ ಹತ್ತು ಗಂಟೆಯ ತನಕ ನಾನು ಅಂಗನವಾಡಿಯಲ್ಲಿ ಇರುತ್ತೇನೆ," ಎಂದು ಇಡೀ ತರಗತಿಗೇ ಹೇಳಿದರು.

ಹುಡುಗಿ ತನ್ನ ಪುಸ್ತಕದ ಮೂಲೆಯಲ್ಲಿ 'ಬುಧವಾರ, 10' ಎಂದು ಬರೆದುಕೊಂಡಳು.

ಆಸ್ಪತ್ರೆಯಿಂದ ಮನೆಯ ಕಡೆಗೆ

ಹಿಂದೆ ಮನಸ್ಸಿನ ಕಾಯಿಲೆಗೆ ದೂರದ ದೊಡ್ಡ ಆಸ್ಪತ್ರೆಗಳೇ ಗತಿಯಾಗಿದ್ದವು. ಮನೋವೈದ್ಯರು ಕಡಿಮೆ, ಕಾಯಿಲೆಯವರು ಹೆಚ್ಚು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಅವರೇ ಕಾಯಿಲೆಯನ್ನು ಬೇಗ ಗುರುತಿಸಬಹುದಲ್ಲವೇ ಎಂಬ ಯೋಚನೆ 1970ರ ದಶಕದಲ್ಲಿ ಬಂತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಸಕಲವಾರ ಎಂಬ ಹಳ್ಳಿಯಲ್ಲಿ ಇದನ್ನು ಪ್ರಯೋಗಿಸಿ ನೋಡಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 1985ರಲ್ಲಿ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ಇಡೀ ಜಿಲ್ಲೆಗೆ ಈ ಸೇವೆಯನ್ನು ಕೊಡುವ ಪ್ರಯತ್ನ ನಡೆಯಿತು. ಆ ಮಾದರಿಯ ಆಧಾರದಲ್ಲಿ 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಗಿ, ಅನಂತರ ಬೇರೆ ಜಿಲ್ಲೆಗಳಿಗೂ ಹಬ್ಬಿತು.

ಚಿಕಿತ್ಸೆ ಸಿಗದ ಕಡೆ ಕಾಯಿಲೆಯವರನ್ನು ಕಟ್ಟಿಹಾಕುವ ಕ್ರೂರ ಪದ್ಧತಿಯೂ ಇತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಅಂತಹವರು ತಂಗಿದ್ದ ಒಂದು ಗುಡಿಸಲಿಗೆ ಬೆಂಕಿ ಹತ್ತಿತು. ಸರಪಳಿ ಬಿಗಿದಿದ್ದ ಕಾರಣ ಓಡಿ ಪಾರಾಗಲು ಸಾಧ್ಯವಾಗದೆ 28 ಮಂದಿ ತೀರಿಹೋದರು. ಇಡೀ ದೇಶವೇ ದುಃಖಪಟ್ಟಿತು. 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು. ಅದು 2018ರ ಮೇ 29ರಿಂದ ಜಾರಿಯಲ್ಲಿದೆ. ಕಾಯಿಲೆಯವರನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟಬಾರದು ಎಂದು ಈ ಕಾಯ್ದೆ ಹೇಳುತ್ತದೆ. ಚಿಕಿತ್ಸೆ ಪಡೆಯುವುದು ಅವರ ಹಕ್ಕು. ಅವರ ಕಾಯಿಲೆಯ ವಿಷಯವನ್ನು ಗುಟ್ಟಾಗಿಡಬೇಕೆಂಬುದೂ ಅವರ ಹಕ್ಕು.

ಕಾಯ್ದೆ ಸರಪಳಿಯನ್ನು ಬಿಚ್ಚಿಸಬಹುದು. ಆದರೆ ಬಸ್ ನಿಲ್ದಾಣದಲ್ಲಿ ಕೇಳುವ ಕೂಗನ್ನು ನಿಲ್ಲಿಸಬೇಕಾದವರು ನಾವೇ. ಸೊಸೈಟಿಯಲ್ಲಿ ಹಾಲು ಅಳೆದವರು ಯಾವ ತರಬೇತಿಯನ್ನೂ ಪಡೆದವರಲ್ಲ. ಅವರು ಮಾಡಿದ್ದು ಎಂದಿನಂತೆ ಮಾತಾಡಿಸಿದ್ದು ಮಾತ್ರ. ಅಷ್ಟು ನಮಗೂ ಸಾಧ್ಯ.

ಪದಗಳ ಅರ್ಥ

ಗೌರವಧನ - ಸೇವೆಗೆ ಗೌರವದಿಂದ ಕೊಡುವ ಹಣ
ಗೆರಟೆ - ತೆಂಗಿನಕಾಯಿಯ ಚಿಪ್ಪು
ಜಗಲಿ - ಮನೆಯ ಮುಂಭಾಗದ ಕಟ್ಟೆ
ತೂಕಡಿಕೆ - ಕುಳಿತಲ್ಲೇ ನಿದ್ದೆ ಬರುವುದು
ಚೇತರಿಕೆ - ಕಾಯಿಲೆಯಿಂದ ಸುಧಾರಿಸುವುದು
ಮರುಕಳಿಸು - ವಾಸಿಯಾದ ಕಾಯಿಲೆ ಮತ್ತೆ ಬರುವುದು
ಆರೈಕೆ - ಉಪಚಾರ, ಶುಶ್ರೂಷೆ

ತಿಳಿದಿರಲಿ

ಭಾರತದ ಮೊದಲ ಮಹಿಳಾ ಮನೋವೈದ್ಯೆ ಎಂದು ಪ್ರಸಿದ್ಧರಾದ ಡಾ. ಶಾರದಾ ಮೆನನ್ 1923ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಮಂಗಳೂರಿನಲ್ಲಿ. ಅವರು ಚೆನ್ನೈಯ ಕಿಲ್ಪಾಕಿನ ಸರಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದರು. ನಿವೃತ್ತಿಯ ನಂತರ 1984ರಲ್ಲಿ 'ಸ್ಕಾರ್ಫ್' ಎಂಬ ಸಂಸ್ಥೆಯನ್ನು ಕಟ್ಟಿದರು. 1992ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ದೊರೆಯಿತು. 2021ರಲ್ಲಿ ಅವರು ತೀರಿಕೊಂಡರು.

ಮನಸ್ಸಿಗೆ ಸಂಬಂಧಿಸಿದ ಸಹಾಯಕ್ಕೆ 14416 ಎಂಬ ಸಂಖ್ಯೆಗೆ ಯಾರೂ ಫೋನು ಮಾಡಬಹುದು. ಇದು 'ಟೆಲಿ ಮಾನಸ್' ಎಂಬ ಉಚಿತ ಸೇವೆ. 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಕನ್ನಡದಲ್ಲೂ ಮಾತಾಡಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸುಮಾರು ಎಷ್ಟು ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಇರುತ್ತಾರೆ?
2. ಆಶಾ ಅಕ್ಕ ಮೊದಲ ದಿನ ಆ ಮನೆಯಲ್ಲಿ ಏನನ್ನು ಗಮನಿಸಿದರು?
3. ವಿಶ್ವ ಮಾನಸಿಕ ಆರೋಗ್ಯ ದಿನ ಯಾವಾಗ?
4. 1985ರಲ್ಲಿ ಯಾವ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಸೇವೆಯ ಪ್ರಯತ್ನ ನಡೆಯಿತು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ತಾಯಿ ಆಶಾ ಅಕ್ಕನಲ್ಲಿ ಮನಬಿಚ್ಚಿ ಮಾತಾಡಲು ಕಾರಣವೇನು?
2. ಮನಸ್ಸಿನ ನೋವನ್ನು ಮನೆಮಾತಿನಲ್ಲೇ ಹೇಳಬೇಕು ಏಕೆ?
3. ಮಗ ಮಾತ್ರೆ ಬೇಡ ಎಂದಾಗ ಆಶಾ ಅಕ್ಕ ಏನು ಮಾಡಿದರು? ಏನು ಮಾಡಲಿಲ್ಲ?
4. "ಯಾರ ಮಾತ್ರೆ?" ಎಂದು ಆಶಾ ಅಕ್ಕ ಹುಡುಗಿಯನ್ನು ಕೇಳಲಿಲ್ಲ. ಏಕಿರಬಹುದು?

ಇ) ಈ ಮಾತನ್ನು ಯಾರು ಯಾರಿಗೆ ಹೇಳಿದರು?
1. "ಎಣಿಸಿಲ್ಲ."
2. "ಈ ಅಕ್ಕ ನಮ್ಮ ಜೊತೆ ಇರಬಹುದೇ?"
3. "ಬಾ ಮಾರಾಯ, ಬಹಳ ದಿನವಾಯಿತಲ್ಲ."

ಈ) ಸರಿಯಾದುದಕ್ಕೆ 'ಸರಿ', ತಪ್ಪಾದುದಕ್ಕೆ 'ತಪ್ಪು' ಎಂದು ಬರೆಯಿರಿ.
1. ಮನಸ್ಸಿನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ.
2. ಆಶಾ ಕಾರ್ಯಕರ್ತೆ ತಾವಾಗಿಯೇ ಮಾತ್ರೆಯನ್ನು ಬದಲಾಯಿಸಬಹುದು.
3. ಕಾಯಿಲೆಯವರನ್ನು ಸರಪಳಿಯಿಂದ ಕಟ್ಟುವುದನ್ನು ಕಾಯ್ದೆ ನಿಷೇಧಿಸಿದೆ.

ಉ) ಸ್ವಂತ ವಾಕ್ಯದಲ್ಲಿ ಬಳಸಿರಿ.
ಕೈಜೋಡಿಸು, ಮೆಟ್ಟಿಲು ಮೆಟ್ಟಿಲಾಗಿ, ವಾರಗಟ್ಟಲೆ, ಎಂದಿನಂತೆ

ಊ) ಮಾತಾಡೋಣ, ಮಾಡೋಣ
1. ಬಸ್ ನಿಲ್ದಾಣದಲ್ಲಿ ಇದ್ದ ಮಕ್ಕಳಲ್ಲಿ ನೀವೂ ಒಬ್ಬರಾಗಿದ್ದರೆ ಏನು ಮಾಡುತ್ತಿದ್ದಿರಿ? ಗುಂಪಿನಲ್ಲಿ ಚರ್ಚಿಸಿರಿ. ಆ ಸಂದರ್ಭವನ್ನು ಬೇರೆ ರೀತಿಯಲ್ಲಿ ಅಭಿನಯಿಸಿ ತೋರಿಸಿರಿ.
2. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಟೀಚರ ಸಹಾಯದಿಂದ ತರಗತಿಗೆ ಆಹ್ವಾನಿಸಿರಿ. ಕೇಳಬೇಕಾದ ಐದು ಪ್ರಶ್ನೆಗಳನ್ನು ಮೊದಲೇ ಬರೆದಿಡಿರಿ. ಯಾರ ಹೆಸರನ್ನೂ ಹೇಳಬೇಕಾಗಿ ಬರದ ಪ್ರಶ್ನೆಗಳನ್ನೇ ಆರಿಸಿರಿ.
3. 'ಬೇಸರವಾದಾಗ ನಾನು ಯಾರೊಡನೆ ಮಾತಾಡಬಹುದು?' ಮೂವರು ದೊಡ್ಡವರನ್ನು ನೆನಪಿಸಿಕೊಂಡು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಅದನ್ನು ಯಾರಿಗೂ ತೋರಿಸಬೇಕೆಂದಿಲ್ಲ.